ಆರ್.ಎನ್.ಎ. ಬರಹದ ತಿದ್ದುಪಡಿ ಮತ್ತು ರೋಗನಿದಾನ

‘ಹಾಲು’ ಎಂದು ಬರೆಯಬೇಕಾದಲ್ಲಿ ‘ಹಾಳು’ ಎಂದು ಬರೆದರೆ ಏನಾಗುವುದೆಂಬುದನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಒಂದು ಅಕ್ಷರ ಮಾತ್ರ ಪಲ್ಲಟವಾಗಿದೆ; ಅರ್ಥವು ತಲೆಕೆಳಗಾಗಿದೆ. ಅಚ್ಚುಕೂಟದಲ್ಲಿ ಕರಡು ತಿದ್ದಿದವರಿಗೆ ಈ ಅಪಾಯದ ಪರಿಚಯ ಚೆನ್ನಾಗಿರುತ್ತದೆ. ಈಗ ಒಂದು ವಿಚಿತ್ರ ಸನ್ನಿವೇಶವನ್ನು ಊಹಿಸೋಣ. ಗ್ರಂಥಕರ್ತನ ಹಸ್ತಪ್ರತಿಯಲ್ಲಿ ‘ಹಾಲು’ ಎಂದೇ ಇದೆ. ನಕಲುಗಾರನೂ ತಪ್ಪಿಲ್ಲದೆ ‘ಹಾಲು’ ಎಂದೇ ನಕಲು ಮಾಡಿದ್ದಾನೆ. ಆ ಬಳಿಕ ಮೂರನೆಯವನೊಬ್ಬನು ಬಂದು, ನಕಲಿನಲ್ಲಿ ಮಾತ್ರ, ಬೇಕೆಂದೇ, ಆ ಒಂದು ಅಕ್ಷರವನ್ನು ತಿದ್ದಿಬಿಡುತ್ತಾನೆ. ಅಚ್ಚಾಗಿ ಹೊರಬರುವ ಪುಸ್ತಕವು ಹಸ್ತಪ್ರತಿಗಿಂತ ಬೇರೆಯಾಗಿರುತ್ತದೆ. ಹಸ್ತಪ್ರತಿಯನ್ನು ಎಷ್ಟು ಶೋಧಿಸಿದರೂ ಈ ವ್ಯತ್ಯಾಸದ ಸುಳಿವು ಸಿಕ್ಕುವುದಿಲ್ಲ.

ನಮ್ಮ ದೇಹದ ಜೀವಕೋಶಗಳಲ್ಲಿ ಇಂಥ ಮೂರನೆಯವನೊಬ್ಬನಿದ್ದಾನೆ. ಜೀವಕೋಶದ ಕೇಂದ್ರದಲ್ಲಿ ಭದ್ರವಾಗಿರುವ ಡಿ.ಎನ್.ಎ.ಯು ಹಸ್ತಪ್ರತಿ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಈ ಗ್ರಂಥದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಕೋಶಕ್ಕೆ ಯಾವುದಾದರೊಂದು ಪ್ರೋಟೀನು ಬೇಕಾದಾಗ, ಅದಕ್ಕೆ ಸಂಬಂಧಿಸಿದ ಭಾಗವು ಮಾತ್ರ ಆರ್.ಎನ್.ಎ. ಎಂಬ ನಕಲಾಗಿ ಹೊರಬರುತ್ತದೆ; ಈ ನಕಲಿನಲ್ಲಿ ಟಿ ಎಂಬುದರ ಸ್ಥಾನವನ್ನು ಯು ಎಂಬ ಅಕ್ಷರವು ವಹಿಸಿಕೊಳ್ಳುತ್ತದೆ. ನಕಲಿನ ಅಕ್ಷರಗಳನ್ನು ಮೂರು ಮೂರಾಗಿ ಓದುತ್ತ, ಒಂದೊಂದು ತ್ರ್ಯಕ್ಷರಿಗೂ ಒಂದೊಂದು ಅಮೈನೋ ಆಮ್ಲವನ್ನು ಪೋಣಿಸುತ್ತ ಕೋಶವು ಪ್ರೋಟೀನನ್ನು ಕಟ್ಟುತ್ತದೆ. ಇಷ್ಟನ್ನು ಪ್ರೌಢಶಾಲೆಯ ಪಠ್ಯಪುಸ್ತಕಗಳೂ ಹೇಳುತ್ತವೆ. ನಕಲು ಮೂಲದಂತೆಯೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಈ ಚಿತ್ರವೆಲ್ಲ ನಿಂತಿತ್ತು.

ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು 1986ರಲ್ಲಿ. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ರಾಬ್ ಬೆನ್ ಮತ್ತು ಅವರ ಸಂಗಡಿಗರು ಟ್ರಿಪನೊಸೋಮ್ ಎಂಬ ಏಕಕೋಶ ಜೀವಿಯನ್ನು ಪರೀಕ್ಷಿಸುತ್ತಿದ್ದರು. ಆಫ್ರಿಕದ ನಿದ್ರಾರೋಗಕ್ಕೆ ಕಾರಣವಾದ ಜೀವಿಯಿದು. ಅದರ ಒಂದು ಆರ್.ಎನ್.ಎ. ನಕಲಿನಲ್ಲಿ, ಮೂಲದಲ್ಲಿ ಎಲ್ಲಿಯೂ ಇಲ್ಲದ ನಾಲ್ಕು ಯು ಅಕ್ಷರಗಳು ಕಂಡುಬಂದವು. ನಕಲುಗಾರನ ಕೈತಪ್ಪು ಎನ್ನೋಣವೆಂದರೆ, ಆ ನಾಲ್ಕು ಅಕ್ಷರಗಳು ಸೇರಿದರೆ ಮಾತ್ರ ಪ್ರೋಟೀನಿನ ಓದು ಸರಿಹೋಗುತ್ತಿತ್ತು! ಇದು ತಪ್ಪಲ್ಲ, ತಿದ್ದುಪಡಿ ಎಂದು ಅವರು ಸಾರಿದರು.

ಮರುವರ್ಷವೇ ಇಂಥದೊಂದು ತಿದ್ದುಪಡಿಯು ಮನುಷ್ಯ ಶರೀರದಲ್ಲಿಯೂ ಪತ್ತೆಯಾಯಿತು. ಇದು ಬಹಳ ಸೊಗಸಾದ ಉದಾಹರಣೆಯಾದುದರಿಂದ ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ರಕ್ತದಲ್ಲಿ ಕೊಬ್ಬನ್ನು ಹೊತ್ತು ತಿರುಗುವ ಅಪೊಲಿಪೊಪ್ರೋಟೀನ್-ಬಿ ಎಂಬ ಪ್ರೋಟೀನಿದೆ. ಯಕೃತ್ತಿನಲ್ಲಿ ತಯಾರಾದಾಗ ಅದರಲ್ಲಿ 4536 ಅಮೈನೋ ಆಮ್ಲಗಳಿರುತ್ತವೆ. ಸಣ್ಣ ಕರುಳಿನಲ್ಲಿ ತಯಾರಾದಾಗ 2152 ಮಾತ್ರ. ಮೂಲ ಜೀನು ಎರಡೆಡೆಯಲ್ಲಿಯೂ ಒಂದೇ. ಸುಮಾರು 14,000 ಅಕ್ಷರಗಳುಳ್ಳ ನಕಲೂ ಒಂದೇ. ಆದರೆ ಕರುಳಿನ ಕೋಶದಲ್ಲಿ ಒಂದು ಕಿಣ್ವವು ಆ ಹದಿನಾಲ್ಕು ಸಾವಿರದಲ್ಲಿ ನಿರ್ದಿಷ್ಟವಾದ ಒಂದು ಸಿ ಅಕ್ಷರವನ್ನು ಹುಡುಕಿ ಅದನ್ನು ಯು ಆಗಿ ಮಾರ್ಪಡಿಸುತ್ತದೆ. ಅದರಿಂದ ‘ಸಿ-ಎ-ಎ’ ಎಂಬ ತ್ರ್ಯಕ್ಷರಿಯು ‘ಯು-ಎ-ಎ’ ಆಗುತ್ತದೆ. ಮೊದಲನೆಯದರ ಅರ್ಥ, ‘ಗ್ಲುಟಮಿನ್ ಎಂಬ ಆಮ್ಲವನ್ನು ಪೋಣಿಸು’ ಎಂದು. ಎರಡನೆಯದರ ಅರ್ಥ, ‘ಇಲ್ಲಿಗೆ ನಿಲ್ಲಿಸು’ ಎಂದು. ವಾಕ್ಯದ ನಟ್ಟನಡುವೆ ಪೂರ್ಣವಿರಾಮ ಬಿದ್ದಂತಾಯಿತು! ಹೀಗೆ ಮೊಟಕಾದ ಪ್ರೋಟೀನು ಊಟದಲ್ಲಿ ಬಂದ ಕೊಬ್ಬನ್ನು ಕರುಳಿನಿಂದ ಹೊರಸಾಗಿಸಲು ಉಪಯೋಗವಾಗುತ್ತದೆ. ಉದ್ದವಾದುದು ಯಕೃತ್ತಿನಿಂದ ಹೊರಟ ಕೊಬ್ಬಿಗೆ ವಾಹನವಾಗುತ್ತದೆ. ಒಂದೇ ಹಸ್ತಪ್ರತಿಯಿಂದ ಎರಡು ಪುಸ್ತಕಗಳನ್ನು ಹೊರಡಿಸುವ ಈ ಮಿತವ್ಯಯವನ್ನು ನೋಡಿ ಯಾವ ಪ್ರಕಾಶಕನಿಗಾದರೂ ಅಸೂಯೆಯಾಗಬೇಕು.

ಆದರೆ ನಮ್ಮ ಶರೀರದಲ್ಲಿ ಅತಿ ಸಾಮಾನ್ಯವಾದ ತಿದ್ದುಪಡಿಯು ಬೇರೊಂದು ಬಗೆಯದು. 1988ರಲ್ಲಿ ಅಮೆರಿಕದ ಬ್ರೆಂಡ ಬಾಸ್ ಮತ್ತು ಹೆರಾಲ್ಡ್ ವೈನ್‌ಟ್ರಾಬ್ ಎಂಬ ವಿಜ್ಞಾನಿಗಳು ಆಫ್ರಿಕದ ಕಪ್ಪೆಯೊಂದರ ಮೊಟ್ಟೆಯಲ್ಲಿದ್ದ ಒಂದು ಕಿಣ್ವವು ಎ ಅಕ್ಷರವನ್ನು, ಅಂದರೆ ಅಡೆನೊಸಿನ್ ಎಂಬ ಘಟಕವನ್ನು, ಇನೊಸಿನ್ ಎಂಬುದಾಗಿ ಪರಿವರ್ತಿಸುತ್ತದೆಂದು ತೋರಿಸಿಕೊಟ್ಟರು. ಇನೊಸಿನ್ ಹೊಸ ಪದಾರ್ಥವೇನೂ ಆಗಿರಲಿಲ್ಲ. 1965ರಲ್ಲಿ ರಾಬರ್ಟ್ ಹಾಲಿ ಎಂಬವರು ಯೀಸ್ಟಿನಿಂದ 77 ಅಕ್ಷರಗಳ ಒಂದು ಪುಟ್ಟ ಆರ್.ಎನ್.ಎ.ಯನ್ನು ಮೊದಲ ಬಾರಿಗೆ ಸಂಪೂರ್ಣವಾಗಿ ಓದಿದಾಗ ಅದರಲ್ಲಿ ಇನೊಸಿನ್ ಇದ್ದಿತು. ಆ ಕೆಲಸಕ್ಕಾಗಿ ಹಾಲಿಯವರು 1968ರಲ್ಲಿ ನಮ್ಮ ಹರಗೋವಿಂದ ಖೊರಾನರ ಜೊತೆಯಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಈ ಮಾರ್ಪಾಡು ಎಷ್ಟು ಸೂಕ್ಷ್ಮವಾದುದೆಂಬುದನ್ನು ಗಮನಿಸಬೇಕು. ಅಡೆನೊಸಿನ್ ಅಣುವಿನಿಂದ ಸಾರಜನಕದ ಒಂದು ಗುಂಪು ಕಳಚಿಹೋಗಿ ಅಲ್ಲಿಗೆ ನೀರಿನಿಂದ ಬಂದ ಆಮ್ಲಜನಕದ ಪರಮಾಣು ಕುಳಿತುಕೊಳ್ಳುತ್ತದೆ. ಅಣುತೂಕವು ಸುಮಾರು 267ರಿಂದ 268ಕ್ಕೆ ಏರುತ್ತದೆ. ವ್ಯತ್ಯಾಸ ಒಂದು ಜಲಜನಕ ಪರಮಾಣುವಿನಷ್ಟು! ಆದರೆ ಇಷ್ಟರಿಂದಲೇ ಕೋಶದ ಓದುಗನು ಆ ಅಕ್ಷರವನ್ನು ಎ ಎಂದು ಓದದೆ ಜಿ ಎಂದು ಓದತೊಡಗುತ್ತಾನೆ. ಈ ಕೆಲಸವನ್ನು ಮಾಡುವ ಕಿಣ್ವಗಳಿಗೆ ‘ಅಡಾರ್’ ಎಂದು ಹೆಸರು. ಎರಡು ಎಳೆಗಳು ಹೊಸೆದುಕೊಂಡಿರುವ ಆರ್.ಎನ್.ಎ. ಇವುಗಳ ಕಾರ್ಯಕ್ಷೇತ್ರ. ನಮ್ಮ ಆರ್.ಎನ್.ಎ. ಬರಹದಲ್ಲಿ ಹೀಗೆ ತಿದ್ದಲ್ಪಡಬಹುದಾದ ತಾಣಗಳು ಹತ್ತು ಕೋಟಿಗೂ ಹೆಚ್ಚೆಂದು 2014ರ ಒಂದು ಅಂದಾಜು. ಇವುಗಳಲ್ಲಿ ಬಹುಪಾಲು ಪ್ರೋಟೀನುಗಳ ಗೊಡವೆಗೆ ಹೋಗದ ಪುನರುಕ್ತ ಭಾಗಗಳಲ್ಲಿವೆ. ಎಲ್ಲವೂ ಎಲ್ಲ ಕೋಶಗಳಲ್ಲಿಯೂ ತಿದ್ದಲ್ಪಡುವುದಿಲ್ಲ. ಅನೇಕ ತಾಣಗಳಲ್ಲಿ ನೂರು ನಕಲುಗಳಿದ್ದರೆ ಒಂದೆರಡಕ್ಕೆ ಮಾತ್ರ ತಿದ್ದುಪಡಿಯ ಭಾಗ್ಯ ದೊರೆಯುತ್ತದೆ.

ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿದ್ದು ಇಲ್ಲಿಯೇ. ಡಿ.ಎನ್.ಎ.ಯಲ್ಲಿರುವ ದೋಷವು ಇದೆ ಅಥವಾ ಇಲ್ಲ; ಹುಟ್ಟಿನಿಂದ ಬಂದದ್ದು ಸಾಯುವವರೆಗೂ ಇರುತ್ತದೆ. ತಿದ್ದುಪಡಿಯಾದರೋ ಒಂದು ಪ್ರಮಾಣ. ಒಂದು ತಾಣದಲ್ಲಿ ನೂರಕ್ಕೆ ಎಷ್ಟು ನಕಲುಗಳು ತಿದ್ದಲ್ಪಟ್ಟಿವೆಯೆಂದು ಅಳೆಯಬಹುದು. ಕೋಶದ ಸ್ಥಿತಿಗತಿ ಬದಲಾದಂತೆ ಆ ಅಂಕಿಯೂ ಏರಿಳಿಯಬಹುದು. ಡಿ.ಎನ್.ಎ. ಪರೀಕ್ಷೆಯು ಜಾತಕವನ್ನು ನೋಡಿದಂತೆ. ತಿದ್ದುಪಡಿಯ ಪರೀಕ್ಷೆಯು ನಾಡಿಯನ್ನು ಹಿಡಿದು ನೋಡಿದಂತೆ. (ಜಾತಕದಲ್ಲಿ ನನಗೆ ನಂಬಿಕೆಯಿಲ್ಲ, ಹೋಲಿಕೆಗಾಗಿ ಹೇಳಿದೆನಷ್ಟೆ.)

ತಿದ್ದುಪಡಿಯು ತಪ್ಪಿದರೆ ಏನು ಸಂಭವಿಸುವುದೆಂಬುದಕ್ಕೆ ಮೆದುಳಿನಿಂದ ಒಂದು ನಿದರ್ಶನವನ್ನು ಕೊಡಬಹುದು. ನರಕೋಶಗಳ ನಡುವೆ ಸುದ್ದಿ ಸಾಗಿಸುವ ಗ್ಲುಟಮೇಟ್ ಎಂಬ ವಸ್ತುವನ್ನು ಬರಮಾಡಿಕೊಳ್ಳಲು ಕೋಶದ ಪೊರೆಯಲ್ಲಿ ಗ್ರಾಹಕ ಪ್ರೋಟೀನುಗಳಿವೆ. ಅವುಗಳಲ್ಲಿ ಒಂದರ ನಕಲು ಒಂದು ಗೊತ್ತಾದ ತಾಣದಲ್ಲಿ ಹೆಚ್ಚುಕಡಿಮೆ ನೂರಕ್ಕೆ ನೂರರಷ್ಟು ತಿದ್ದಲ್ಪಡುತ್ತದೆಂದು 1991ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪೀಟರ್ ಸೀಬರ್ಗ್ ಮತ್ತು ಸಹೋದ್ಯೋಗಿಗಳು ಕಂಡುಕೊಂಡರು. ಗ್ಲುಟಮಿನ್ ಇರಬೇಕಾದ ಸ್ಥಾನದಲ್ಲಿ ಅರ್ಜಿನಿನ್ ಬಂದು ಕೂರುತ್ತದೆ. ಅರ್ಜಿನಿನ್ನಿಗೆ ಧನ ವಿದ್ಯುದಂಶವಿರುವುದರಿಂದ, ಧನ ವಿದ್ಯುದಂಶವುಳ್ಳ ಕ್ಯಾಲ್ಸಿಯಂ ಅಯಾನುಗಳು ಆ ದ್ವಾರದಲ್ಲಿ ನುಗ್ಗಲಾರವು. ದ್ವಾರಪಾಲಕನನ್ನು ನಿಲ್ಲಿಸಿದಂತೆಯೇ ಸರಿ. ಈ ತಿದ್ದುಪಡಿಯನ್ನು ಮಾಡುವ ಕಿಣ್ವವಿಲ್ಲದಂತೆ ಬೆಳೆಸಿದ ಇಲಿಮರಿಗಳು ಸೆಳವಿನಿಂದ ನರಳಿ ಕೆಲವೇ ವಾರಗಳಲ್ಲಿ ಸತ್ತವು. ಆದರೆ ಆ ಒಂದು ಅಕ್ಷರವನ್ನು ಡಿ.ಎನ್.ಎ.ಯಲ್ಲಿಯೇ ಮೊದಲೇ ತಿದ್ದಿಟ್ಟಾಗ, ಕಿಣ್ವವಿಲ್ಲದಿದ್ದರೂ ಇಲಿಗಳು ಬದುಕಿದವು! 2000ದಲ್ಲಿ ಪ್ರಕಟವಾದ ಈ ಪ್ರಯೋಗಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ಕೇಳುವುದು ಕಷ್ಟ.

2004ರಲ್ಲಿ ಜಪಾನಿನ ವೈದ್ಯವಿಜ್ಞಾನಿಗಳು ಎ.ಎಲ್.ಎಸ್. ಎಂಬ ದಾರುಣ ರೋಗದಿಂದ ಮೃತರಾದವರ ಬೆನ್ನುಹುರಿಯ ನರಕೋಶಗಳನ್ನು ಒಂದೊಂದಾಗಿ ಬಿಡಿಸಿ ಇದೇ ತಾಣವನ್ನು ಪರೀಕ್ಷಿಸಿದರು. ಸ್ನಾಯುಗಳನ್ನು ಆಳುವ ನರಕೋಶಗಳು ಒಂದೊಂದೇ ನಶಿಸಿ, ರೋಗಿಯು ಕೈಕಾಲು, ಮಾತು, ಕೊನೆಗೆ ಉಸಿರನ್ನೂ ಕಳೆದುಕೊಳ್ಳುವ ರೋಗವಿದು. ಆರೋಗ್ಯವಂತರ ಕೋಶಗಳಲ್ಲಿ ತಿದ್ದುಪಡಿ ಪೂರ್ಣವಾಗಿದ್ದರೆ, ರೋಗಿಗಳ ಕೋಶಗಳಲ್ಲಿ ಅದು ಸೊನ್ನೆಯಿಂದ ನೂರರವರೆಗೆ ಚದರಿಹೋಗಿತ್ತು. ಯಕೃತ್ತಿನ ಕ್ಯಾನ್ಸರಿನಲ್ಲಿ ಇದಕ್ಕೆ ವಿರುದ್ಧವಾದ ಸಂಗತಿಯು 2013ರಲ್ಲಿ ವರದಿಯಾಯಿತು: ಒಂದು ಜೀನಿನ ನಕಲು ಗಡ್ಡೆಯೊಳಗೆ, ಪಕ್ಕದ ಸ್ವಸ್ಥ ಭಾಗಕ್ಕಿಂತ ಹೆಚ್ಚಾಗಿ ತಿದ್ದಲ್ಪಟ್ಟಿತ್ತು.

ಇವೆಲ್ಲವೂ ಸರಿಯೇ. ಆದರೆ ಬದುಕಿರುವ ಮನುಷ್ಯನ ಬೆನ್ನುಹುರಿಯನ್ನು ಬಗೆದು ನರಕೋಶವನ್ನು ತೆಗೆಯಲಾಗದು; ಮೆದುಳನ್ನಂತೂ ಮುಟ್ಟುವ ಹಾಗೆಯೇ ಇಲ್ಲ. ರೋಗನಿದಾನಕ್ಕೆ ನೆರವಾಗಬೇಕಾದರೆ ಆ ಗುರುತು ಸುಲಭವಾಗಿ ಸಿಕ್ಕುವ ಪದಾರ್ಥದಲ್ಲಿ, ಎಂದರೆ ರಕ್ತದಲ್ಲಿ, ದೊರೆಯಬೇಕು. ಮೆದುಳಿನ ಕಷ್ಟವನ್ನು ರಕ್ತವು ಹೇಗೆ ತಾನೆ ಬಲ್ಲುದು?

ಇದಕ್ಕೆ ದೊರೆತ ಎಳೆಯು ಅನಿರೀಕ್ಷಿತವಾದ ಕಡೆಯಿಂದ ಬಂದಿತು. ವೈರಸ್ಸು ದೇಹವನ್ನು ಹೊಕ್ಕಾಗ ಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ವಸ್ತುವನ್ನು ಹೊರಸೂಸುತ್ತವೆ. ಯಕೃತ್ತಿನ ಹೆಪಟೈಟಿಸ್-ಸಿ ರೋಗಕ್ಕೆ ಹಿಂದೆ ಇದನ್ನೇ ಔಷಧವಾಗಿ ಚುಚ್ಚುತ್ತಿದ್ದರು. ಅದನ್ನು ತೆಗೆದುಕೊಂಡವರಲ್ಲಿ ಹಲವರು, ಮೊದಲು ಮನೋರೋಗದ ಲಕ್ಷಣವೇ ಇಲ್ಲದಿದ್ದವರು ಸಹ, ಗಾಢವಾದ ಖಿನ್ನತೆಗೆ ಒಳಗಾಗುತ್ತಿದ್ದರು. ಅಡಾರ್ ಕಿಣ್ವದ ಒಂದು ರೂಪವು ಕೋಶದಲ್ಲಿ ಹೆಚ್ಚುವುದೂ ಇದೇ ಇಂಟರ್‌ಫೆರಾನಿನ ಆಜ್ಞೆಯಿಂದ. ಹಾಗಿದ್ದರೆ ಖಿನ್ನತೆ, ಉರಿಯೂತ, ತಿದ್ದುಪಡಿ ಇವು ಮೂರೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಾಗಿರಬಹುದಲ್ಲವೆ? ರಕ್ತದ ಬಿಳಿಯ ಕಣಗಳಲ್ಲಿ ತಿದ್ದುಪಡಿಯ ಪ್ರಮಾಣವನ್ನು ಅಳೆದರೆ ಮನಸ್ಸಿನ ರೋಗದ ಛಾಯೆಯು ಅಲ್ಲಿ ಕಾಣಬಹುದಲ್ಲವೆ? ಹೀಗೆ ಯೋಚಿಸಿದವರು ಫ್ರಾನ್ಸಿನ ಮಾಂಪೆಲಿಯೆ ನಗರದ ಸಂಶೋಧಕರು. ಅವರು ಖಿನ್ನತೆಯ ರೋಗಿಗಳ, ಬೈಪೋಲಾರ್ ಎಂಬ ದ್ವಿಧ್ರುವ ವ್ಯಾಧಿಯ ರೋಗಿಗಳ ಮತ್ತು ಸ್ವಸ್ಥರ ರಕ್ತವನ್ನು ಹೋಲಿಸಿದರು. ಹಲವು ಜೀನುಗಳ ನಕಲುಗಳಲ್ಲಿ ತಿದ್ದುಪಡಿಯ ಪ್ರಮಾಣವನ್ನು ಅಳೆದು, ಆ ಅಂಕಿಗಳನ್ನು ಗಣಕಯಂತ್ರದ ಲೆಕ್ಕಾಚಾರದಿಂದ ಒಟ್ಟುಗೂಡಿಸಿದರೆ ಎರಡು ರೋಗಗಳನ್ನು ಬೇರ್ಪಡಿಸಬಹುದೆಂದು 2022ರಲ್ಲಿ ಪ್ರಕಟಿಸಿದರು.

ಇದರ ಮಹತ್ತ್ವವೇನೆಂಬುದನ್ನು ಹೇಳಲು ನನಗೆ ಒಂದು ಸ್ವಂತ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಬಹಳ ಚುರುಕಾದ ವಿದ್ಯಾರ್ಥಿಯೊಬ್ಬನಿದ್ದನು. ಒಮ್ಮೆ ತಿಂಗಳುಗಟ್ಟಲೆ ಅವನು ಕಾಲೇಜಿಗೆ ಬರಲಿಲ್ಲ. ಹಾಸಿಗೆಯನ್ನೇ ಬಿಟ್ಟು ಏಳುತ್ತಿರಲಿಲ್ಲವಂತೆ. ಖಿನ್ನತೆಯೆಂದು ಔಷಧ ನಡೆಯಿತು. ಆಮೇಲೆ ಒಂದು ರಾತ್ರಿ ಹನ್ನೆರಡು ಗಂಟೆಗೆ ನನ್ನ ಮನೆಯ ಬಾಗಿಲು ತಟ್ಟಿ, ನ್ಯೂಟನ್ನನ ನಿಯಮಗಳಲ್ಲಿ ದೋಷವನ್ನು ಕಂಡುಹಿಡಿದಿರುವುದಾಗಿ ಹೇಳಿ, ತುಂಬಿದ ಆರು ನೋಟುಪುಸ್ತಕಗಳನ್ನು ನನ್ನ ಮುಂದಿಟ್ಟನು. ಹುಡುಗನು ಚೇತರಿಸಿಕೊಂಡನೆಂದು ನಾವು ಅಧ್ಯಾಪಕರೆಲ್ಲ ಸಂತೋಷಪಟ್ಟೆವು. ಅದು ಚೇತರಿಕೆಯಲ್ಲ, ರೋಗದ ಇನ್ನೊಂದು ಧ್ರುವ ಎಂಬುದು ನಮಗೆ ತಿಳಿದಿರಲಿಲ್ಲ. ರೋಗಕ್ಕೆ ಅದರ ನಿಜವಾದ ಹೆಸರು ಸಿಕ್ಕುವ ವೇಳೆಗೆ ಮೂರು ವರ್ಷಗಳು ಕಳೆದುಹೋಗಿದ್ದವು.

ಇದು ಅವನೊಬ್ಬನ ಕತೆಯಲ್ಲ. ದ್ವಿಧ್ರುವ ವ್ಯಾಧಿಯು ಎಷ್ಟೋ ವೇಳೆ ಖಿನ್ನತೆಯ ವೇಷದಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಕೇವಲ ಖಿನ್ನತೆಯ ಔಷಧವನ್ನು ಕೊಟ್ಟರೆ ಕೆಲವರಲ್ಲಿ ಉನ್ಮಾದವು ಕೆರಳುವುದೂ ಉಂಟು. ಈ ಎರಡನ್ನು ಬೇರ್ಪಡಿಸಲು ವೈದ್ಯನಿಗೆ ಇಂದಿಗೂ ಇರುವ ಮುಖ್ಯ ಸಾಧನವೆಂದರೆ ರೋಗಿಯೊಡನೆ ಮತ್ತು ಅವನ ಮನೆಯವರೊಡನೆ ಮಾತುಕತೆ. ಒಂದು ರಕ್ತಪರೀಕ್ಷೆಯು ಇಲ್ಲಿ ನೆರವಾಗುವುದಾದರೆ ಅದು ಸಣ್ಣ ಉಪಕಾರವಲ್ಲ. ಆದುದರಿಂದಲೇ ಈ ಪರೀಕ್ಷೆಯನ್ನು ನಾವು ಕಠಿಣವಾಗಿ ಪ್ರಶ್ನಿಸಬೇಕು.

ಮೊದಲನೆಯ ಪ್ರಶ್ನೆ ಅಳತೆಯದು. ಪ್ರಯೋಗಶಾಲೆಯಲ್ಲಿ ಆರ್.ಎನ್.ಎ.ಯನ್ನು ಮತ್ತೆ ಡಿ.ಎನ್.ಎ. ರೂಪಕ್ಕೆ ತಂದು ಯಂತ್ರದಿಂದ ಓದಿಸುತ್ತಾರೆ. ತಿದ್ದಿದ ನಕಲು ಜಿ ಎಂದೂ ತಿದ್ದದಿರುವುದು ಎ ಎಂದೂ ಕಾಣಿಸುತ್ತದೆ. ಎರಡನ್ನೂ ಎಣಿಸಿದರೆ ಪ್ರಮಾಣ ಸಿಕ್ಕಿತು. ಆದರೆ ಎಷ್ಟು ಎಣಿಸಬೇಕು? ನಾಣ್ಯವನ್ನು ಹತ್ತು ಸಲ ಚಿಮ್ಮಿ ಏಳು ಸಲ ತಲೆ ಬಿದ್ದರೆ ನಾಣ್ಯವು ಮೋಸದ್ದೆಂದು ಯಾರೂ ಹೇಳುವುದಿಲ್ಲ. ನಿಜವಾದ ಪ್ರಮಾಣವು ನೂರಕ್ಕೆ 30 ಎಂದಿಟ್ಟುಕೊಳ್ಳೋಣ. 100 ನಕಲುಗಳನ್ನು ಎಣಿಸಿದರೆ, ಕೇವಲ ಆಕಸ್ಮಿಕದಿಂದಲೇ ಉತ್ತರವು ಆಚೀಚೆಗೆ ನಾಲ್ಕೂವರೆಯಷ್ಟು ಓಲಾಡುತ್ತದೆ. 10,000 ಎಣಿಸಿದರೆ ಆ ಓಲಾಟವು ಅರ್ಧಕ್ಕಿಂತ ಕಡಿಮೆಗೆ ಇಳಿಯುತ್ತದೆ. ಎಣಿಕೆಯನ್ನು ನೂರು ಪಾಲು ಹೆಚ್ಚಿಸಿದರೆ ದೋಷವು ಹತ್ತರಲ್ಲೊಂದು ಪಾಲಾಗುವುದೆಂಬುದು ವರ್ಗಮೂಲದ ನಿಯಮ. ರೋಗಿಯಲ್ಲಿ 33, ಸ್ವಸ್ಥನಲ್ಲಿ 30 ಎಂಬ ವ್ಯತ್ಯಾಸವನ್ನು ನಂಬಬೇಕಾದರೆ ನೂರು ನಕಲುಗಳ ಎಣಿಕೆಯು ಏತಕ್ಕೂ ಸಾಲದು.

ಎರಡನೆಯದು ಭ್ರಮೆಯ ಪ್ರಶ್ನೆ. 2011ರಲ್ಲಿ ಅಮೆರಿಕದ ಒಂದು ತಂಡವು 27 ಮಂದಿಯ ರಕ್ತಕೋಶಗಳಲ್ಲಿ ಡಿ.ಎನ್.ಎ.ಗೂ ಆರ್.ಎನ್.ಎ.ಗೂ ತಾಳೆಯಾಗದ ಹತ್ತು ಸಾವಿರಕ್ಕೂ ಹೆಚ್ಚು ತಾಣಗಳನ್ನು ಕಂಡುದಾಗಿ ಸಾರಿತು. ಯಾವ ಕಿಣ್ವವೂ ಮಾಡಲಾರದ ತಿದ್ದುಪಡಿಗಳು ಕೂಡ ಅವುಗಳಲ್ಲಿದ್ದುವು. ವಿಜ್ಞಾನಲೋಕದಲ್ಲಿ ದೊಡ್ಡ ಸದ್ದಾಯಿತು. ಆದರೆ ಮರುವರ್ಷ ಬೇರೆ ಬೇರೆ ಮೂರು ತಂಡಗಳು ಅದೇ ಅಂಕಿಅಂಶಗಳನ್ನು ಮತ್ತೆ ಜಾಲಿಸಿ, ಅವುಗಳಲ್ಲಿ ಬಹುಪಾಲು ಯಂತ್ರದ ಓದಿನ ದೋಷಗಳು, ಒಂದು ಜೀನಿನ ತುಣುಕನ್ನು ಅದರ ಹೋಲಿಕೆಯ ಇನ್ನೊಂದು ಜೀನಿನದೆಂದು ತಪ್ಪಾಗಿ ಗುರುತಿಸಿದ ಫಲ ಎಂದು ತೋರಿಸಿಕೊಟ್ಟವು. ದೂರದರ್ಶಕದ ಗಾಜಿನ ಮೇಲಿನ ಧೂಳನ್ನು ಹೊಸ ನಕ್ಷತ್ರವೆಂದು ಬರೆದುಕೊಂಡ ಹಾಗೆ. ಆ ಸಂಶೋಧಕರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತಮ್ಮ ಅಂಕಿಗಳನ್ನು ಅವರು ಬಚ್ಚಿಡದಿದ್ದುದರಿಂದಲೇ ತಪ್ಪು ಅಷ್ಟು ಬೇಗ ಬಯಲಾಯಿತು.

ಮೂರನೆಯದನ್ನು ಪರೀಕ್ಷೆಯ ಮಾರಾಟಗಾರರು ಸಾಮಾನ್ಯವಾಗಿ ಹೇಳುವುದಿಲ್ಲ. ಒಂದು ಪರೀಕ್ಷೆಯು ರೋಗವಿದ್ದವರಲ್ಲಿ ನೂರಕ್ಕೆ 90 ಮಂದಿಯನ್ನೂ, ಇಲ್ಲದವರಲ್ಲಿ ನೂರಕ್ಕೆ 90 ಮಂದಿಯನ್ನೂ ಸರಿಯಾಗಿ ಗುರುತಿಸುವುದೆಂದು ಕಲ್ಪಿಸಿಕೊಳ್ಳೋಣ. ಖಿನ್ನತೆಯೆಂದು ವೈದ್ಯರ ಬಳಿಗೆ ಬಂದ 1000 ಮಂದಿಯಲ್ಲಿ 200 ಮಂದಿಗೆ ದ್ವಿಧ್ರುವ ವ್ಯಾಧಿಯಿದ್ದರೆ, ಪರೀಕ್ಷೆಯು ಅವರಲ್ಲಿ 180 ಮಂದಿಯನ್ನು ಹಿಡಿಯುತ್ತದೆ. ಉಳಿದ 800 ಮಂದಿಯಲ್ಲಿ 80 ಮಂದಿಯನ್ನು ವೃಥಾ ರೋಗಿಗಳೆನ್ನುತ್ತದೆ. ಒಟ್ಟು 260ರಲ್ಲಿ 80 ತಪ್ಪು. ವೈದ್ಯನು ವಿವೇಚಿಸಿ ಬಳಸಿದರೆ ಇದರಿಂದ ಪ್ರಯೋಜನವುಂಟು. ಅದೇ ಪರೀಕ್ಷೆಯನ್ನು ಒಂದು ಊರಿನ 1000 ಜನರೆಲ್ಲರಿಗೂ ಮಾಡಿದೆವೆನ್ನೋಣ. ಅಲ್ಲಿ ನಿಜವಾದ ರೋಗಿಗಳು 10 ಮಂದಿ. ಅವರಲ್ಲಿ 9 ಮಂದಿ ಸಿಕ್ಕುತ್ತಾರೆ. ಅವರ ಜೊತೆಗೆ 99 ಮಂದಿ ನಿರೋಗಿಗಳೂ ಸಿಕ್ಕಿಬೀಳುತ್ತಾರೆ! ಪರೀಕ್ಷೆಯು ಬದಲಾಗಿಲ್ಲ, ಅದನ್ನು ಎಲ್ಲಿ ಪ್ರಯೋಗಿಸಿದೆವೆಂಬುದು ಬದಲಾಗಿದೆ. ಮನೋರೋಗವೆಂಬ ಹಣೆಪಟ್ಟಿ ಒಮ್ಮೆ ಅಂಟಿದರೆ ಅದನ್ನು ಕೀಳುವುದು ನಮ್ಮ ಸಮಾಜದಲ್ಲಿ ಎಷ್ಟು ಕಷ್ಟವೆಂಬುದನ್ನು ಬಲ್ಲವರು ಈ 99 ಮಂದಿಯನ್ನು ಹಗುರವಾಗಿ ಎಣಿಸಲಾರರು.

ಇನ್ನು ರಕ್ತದ ಮಾತು. ಇಂಟರ್‌ಫೆರಾನಿನಿಂದ ಅಡಾರ್ ಹೆಚ್ಚುವುದಾದರೆ, ಕಳೆದ ವಾರ ಇನ್‌ಫ್ಲುಯೆಂಜಾ ಬಂದು ಹೋದವನ ರಕ್ತವು ಮನಸ್ಸಿನ ಸುದ್ದಿಗಿಂತ ಹೆಚ್ಚಾಗಿ ಜ್ವರದ ಸುದ್ದಿಯನ್ನೇ ಹೇಳೀತು. ರೋಗಿಯು ಸೇವಿಸುತ್ತಿರುವ ಔಷಧಗಳೂ ಅಂಕಿಯನ್ನು ಕದಲಿಸಬಹುದು. ಅದಲ್ಲದೆ ಆರ್.ಎನ್.ಎ.ಯು ಬಹಳ ದುರ್ಬಲವಾದ ಪದಾರ್ಥ. ಅದನ್ನು ಕತ್ತರಿಸುವ ಕಿಣ್ವಗಳು ರಕ್ತದಲ್ಲಿವೆ, ನಮ್ಮ ಬೆರಳ ತುದಿಯ ಬೆವರಿನಲ್ಲಿಯೂ ಇವೆ. ರಕ್ತವನ್ನು ತೆಗೆದ ಕೂಡಲೇ ಅದನ್ನು ರಕ್ಷಿಸುವ ರಾಸಾಯನಿಕವುಳ್ಳ ವಿಶೇಷ ನಳಿಕೆಯಲ್ಲಿ ಹಾಕಿ ತಂಪಿನಲ್ಲಿಡಬೇಕು. ಬೇಸಗೆಯಲ್ಲಿ ತಾಲ್ಲೂಕು ಆಸ್ಪತ್ರೆಯಿಂದ ಬಸ್ಸಿನಲ್ಲಿ ದೂರದ ನಗರಕ್ಕೆ ಹೋಗಬೇಕಾದ ನಳಿಕೆಯನ್ನು ನೆನೆದರೆ ಈ ಷರತ್ತು ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಕೊನೆಯ ತೊಡಕು ನಮ್ಮ ದೇಶಕ್ಕೆ ವಿಶೇಷವಾಗಿ ಅನ್ವಯಿಸುವಂಥದು. ಮನುಷ್ಯರ ಡಿ.ಎನ್.ಎ. ಹಸ್ತಪ್ರತಿಗಳೂ ಪರಸ್ಪರ ಅಲ್ಲಲ್ಲಿ ಒಂದೊಂದು ಅಕ್ಷರದಲ್ಲಿ ಭಿನ್ನವಾಗಿವೆ. ಒಬ್ಬನಿಗೆ ತಂದೆಯಿಂದ ಎ, ತಾಯಿಯಿಂದ ಜಿ ಬಂದಿದ್ದರೆ ಅವನ ನಕಲುಗಳಲ್ಲಿ ಸುಮಾರು ಅರ್ಧ ಎ, ಅರ್ಧ ಜಿ ಇರುತ್ತವೆ. ನೋಡಿದರೆ ನೂರಕ್ಕೆ ಐವತ್ತರಷ್ಟು ತಿದ್ದುಪಡಿಯಾದಂತೆಯೇ ತೋರುತ್ತದೆ, ನಿಜದಲ್ಲಿ ತಿದ್ದುಪಡಿಯು ಲೇಶವೂ ಇಲ್ಲದಿರಬಹುದು. ಇಂಥ ಭೇದಗಳು ಒಂದೊಂದು ಜನಸಮುದಾಯದಲ್ಲಿ ಒಂದೊಂದು ಪ್ರಮಾಣದಲ್ಲಿ ಹರಡಿರುತ್ತವೆ. ಫ್ರೆಂಚರ ರಕ್ತದಲ್ಲಿ ಗೊತ್ತುಮಾಡಿದ ಮಟ್ಟವನ್ನು ಹಾಗೆಯೇ ತಂದು ನಮ್ಮವರ ರಕ್ತಕ್ಕೆ ಅಳತೆಗೋಲಾಗಿ ಹಿಡಿಯಲಾಗದು. ಪರೀಕ್ಷಿಸಬೇಕಾದವನ ಡಿ.ಎನ್.ಎ.ಯನ್ನೂ ಆರ್.ಎನ್.ಎ.ಯನ್ನೂ ಒಟ್ಟಿಗೆ ಓದಿ ಎದುರುಬದುರಾಗಿ ಇಟ್ಟು ನೋಡಬೇಕು; ಇಲ್ಲಿನ ಸ್ವಸ್ಥರ, ಇಲ್ಲಿನ ಜ್ವರಪೀಡಿತರ, ಇಲ್ಲಿನ ಖಿನ್ನರ ಮಟ್ಟಗಳನ್ನು ಇಲ್ಲಿಯೇ ಅಳೆದು ಪಟ್ಟಿಮಾಡಬೇಕು. ನನ್ನ ವಿದ್ಯಾರ್ಥಿಯು ಈಗ ಲಿಥಿಯಂ ಔಷಧದಿಂದ ಸ್ವಸ್ಥನಾಗಿದ್ದು, ಒಂದು ಪ್ರೌಢಶಾಲೆಯಲ್ಲಿ ಗಣಿತವನ್ನು ಕಲಿಸುತ್ತಿದ್ದಾನೆ. ಈ ಲೇಖನದ ಕರಡನ್ನು ಅವನಿಗೆ ತೋರಿಸಿದಾಗ ಅವನು ಮೇಲಿನ 260ರ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಿ, ಸರಿಯಾಗಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಹಿಂದಿರುಗಿಸಿದನು.